ಲಿಂಬೆ ಎಲೆಯಲ್ಲಿ ಬೆಳ್ಳಿ ಗೆರೆ: ಹುಳ ಒಳಗೆ ಉಂಟಾ, ಹೋಗಿ ಆಯ್ತಾ?

ಲಿಂಬೆ ಗಿಡದ ಎಳೆ ಎಲೆ ಮೇಲೆ ಹಾವು ಹರಿದ ಹಾಗೆ ಬೆಳ್ಳಿ ಬಣ್ಣದ ಗೆರೆ ಬಿದ್ದಿದೆಯಾ? ಎಲೆ ಮುದುಡಿದೆಯಾ, ಅಂಚು ಮಡಚಿಕೊಂಡಿದೆಯಾ? ಕೂಡಲೇ ಔಷಧಿ ತರಲು ಹೊರಡಬೇಡಿ. ಈ ಗೆರೆ ಹಾಕುವುದು ರಂಗೋಲಿ ಹುಳ, ಎಲೆಯ ಸಿಪ್ಪೆಯೊಳಗೆ ಬದುಕುವ ಒಂದು ಸಣ್ಣ ಪತಂಗದ ಮರಿ. ಗೆರೆ ಇದ್ದಲ್ಲೆಲ್ಲ ಹುಳ ಇರುವುದಿಲ್ಲ. ಎಷ್ಟೋ ಸಲ ಗೆರೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿದ್ದ ಹುಳ ಪತಂಗವಾಗಿ ಹಾರಿ ಹೋಗಿ ಆಗಿರುತ್ತದೆ, ನಾವು ಖಾಲಿ ಮನೆಗೆ ಔಷಧಿ ಹೊಡೆಯುತ್ತ ಇರುತ್ತೇವೆ.

ನಾನು ಒಂದು ಇಡೀ ವರ್ಷ ಹಾಗೇ ಮಾಡಿದೆ. ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಬಾವಿಕಟ್ಟೆ ಪಕ್ಕ ಎರಡು ವರ್ಷದ ಲಿಂಬೆ ಗಿಡ ಇತ್ತು. ಏಪ್ರಿಲ್ ಕೊನೆಗೆ ಒಂದು ಮಳೆ ಬಿತ್ತು, ಒಂದೇ ವಾರದಲ್ಲಿ ಗಿಡ ತುಂಬ ಚಿಗುರು. ಮತ್ತೆ ಹತ್ತು ಹನ್ನೆರಡು ದಿನ ಆಗುವಾಗ ಒಂದು ಎಲೆಯೂ ಸರಿ ಇರಲಿಲ್ಲ, ಎಲ್ಲ ಗೆರೆ, ಎಲ್ಲ ಸುರುಳಿ. ಎಲೆ ತೋರಿಸಿದ ಅಂಗಡಿಯಲ್ಲಿ ವೈರಸ್ ಎಂದು ಹೇಳಿ ಒಂದು ಬಾಟಲಿ ಕೊಟ್ಟರು. ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆದೆ. ಗೆರೆ ಹೋಗಲಿಲ್ಲ. ಹೋಗುವುದೂ ಇಲ್ಲ, ಯಾಕೆಂದರೆ ಅದು ಗಾಯದ ಕಲೆ ಇದ್ದ ಹಾಗೆ, ಎಲೆ ಉದುರುವವರೆಗೂ ಇರುತ್ತದೆ. ಮುಂದಿನ ಚಿಗುರಿಗೆ ಕಾಟ ಇನ್ನೂ ಜಾಸ್ತಿ ಆಯ್ತು. ಅದು ಯಾಕೆ ಎಂದು ಗೊತ್ತಾಗಲು ನಾನು ಎಲೆ ಕಿತ್ತು, ಬೆಳಕಿಗೆ ಹಿಡಿದು, ಬಾಟಲಿಯಲ್ಲಿಟ್ಟು ನೋಡಲು ಶುರು ಮಾಡಬೇಕಾಯ್ತು. ನೋಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇದಕ್ಕೆ ದುಡ್ಡು ಬೇಡ, ಯಂತ್ರ ಬೇಡ, ಕಾಲು ಗಂಟೆ ಸಾಕು.

ಮೊದಲು ಒರೆಸಿ ನೋಡಿ

ನಮ್ಮ ಕಡೆ ಮಳೆಗಾಲದಲ್ಲಿ ಬಸವನ ಹುಳದ ಕಾಟ ಎಷ್ಟು ಅಂತ ನಿಮಗೆ ಗೊತ್ತೇ ಉಂಟು. ತುಳಸಿಕಟ್ಟೆ, ಗೋಡೆ, ಬಟ್ಟೆ ಒಗೆಯುವ ಕಲ್ಲು, ಎಲ್ಲ ಕಡೆ ಹೊಳೆಯುವ ಜಾಡು. ಹಾಗಾಗಿ ನನ್ನ ಅತ್ತೆ ಗೆರೆ ನೋಡಿದವರೇ "ಇದು ಬಸವನ ಹುಳ ಹೋದ ಜಾಡು, ಬುಡಕ್ಕೆ ಸ್ವಲ್ಪ ಉಪ್ಪು ಹಾಕು" ಎಂದರು. ಅವರಿಗೆ ಹಾಗೆ ಅನಿಸಿದ್ದರಲ್ಲಿ ತಪ್ಪಿಲ್ಲ, ದೂರದಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಉಪ್ಪು ಹಾಕಿದ್ದರೆ ಗಿಡದ ಬೇರಿಗೇ ಪೆಟ್ಟು.

ಬೆರಳು ಒದ್ದೆ ಮಾಡಿ ಗೆರೆ ಮೇಲೆ ಒರೆಸಿ. ಬಸವನ ಹುಳದ ಜಾಡು ಎಲೆಯ ಮೇಲೆ ಒಣಗಿದ ಲೋಳೆ, ಒರೆಸಿದರೆ ಹೋಗುತ್ತದೆ. ರಂಗೋಲಿ ಹುಳದ ಗೆರೆ ಎಲೆಯ ಸಿಪ್ಪೆಯ ಒಳಗಿರುವುದು. ಎಷ್ಟು ಉಜ್ಜಿದರೂ ಅಲ್ಲೇ ಇರುತ್ತದೆ, ಜೋರಾಗಿ ಉಜ್ಜಿದರೆ ಮೇಲಿನ ಪೊರೆ ಮಾತ್ರ ಹರಿದು ಬರುತ್ತದೆ.

ಗೆರೆ ಬೆಳ್ಳಿ ಬಣ್ಣಕ್ಕೆ ಯಾಕೆ ಹೊಳೆಯುತ್ತದೆ ಎಂದರೆ, ಈ ಹುಳ ಎಲೆಯ ಹಸಿರು ಭಾಗಕ್ಕೆ ಹೋಗುವುದೇ ಇಲ್ಲ. ಹೊರಗಿನ ಸಿಪ್ಪೆಯ ಜೀವಕೋಶಗಳನ್ನು ಮಾತ್ರ ಸೀಳಿ, ಅದರ ರಸ ಹೀರುತ್ತ ಮುಂದೆ ಹೋಗುತ್ತದೆ. ಹಿಂದೆ ಉಳಿಯುವುದು ತೆಳು ಪೊರೆ, ಅದರ ಅಡಿಯಲ್ಲಿ ಗಾಳಿ. ಆ ಗಾಳಿಯೇ ಬೆಳಕಿಗೆ ಮಿನುಗುವುದು.

ಬೆಳಕಿಗೆ ಹಿಡಿಯಿರಿ

ಬೆಳಿಗ್ಗೆ ಬಿಸಿಲಿಗೆ ಎಲೆಯನ್ನು ಎತ್ತಿ ಹಿಡಿದರೂ ಆಯ್ತು, ಮೊಬೈಲ್ ಟಾರ್ಚ್ ಮೇಲೆ ಎಲೆ ಇಟ್ಟರೂ ಆಯ್ತು. ಎಲೆಯ ಎರಡೂ ಬದಿ ನೋಡಿ, ಅಡಿಭಾಗ ಮರೆಯಬೇಡಿ. ಗೆರೆ ಎಲ್ಲಿ ಶುರುವಾಯ್ತು, ಎಲ್ಲಿ ಮುಗಿಯಿತು ಅಂತ ಬೆರಳಲ್ಲಿ ಹಿಂಬಾಲಿಸಿ. ಶುರುವಾದಲ್ಲಿ ಕೂದಲೆಳೆಯಷ್ಟು ಸಪೂರ ಇರುತ್ತದೆ, ಹೆಚ್ಚಾಗಿ ಎಲೆಯ ನಡುನರದ ಹತ್ತಿರ. ಆಮೇಲೆ ಸುತ್ತಿ ಸುತ್ತಿ ಅಗಲ ಆಗುತ್ತ ಹೋಗುತ್ತದೆ. ಹುಳ ಬೆಳೆದ ಹಾಗೆ ದಾರಿಯೂ ಅಗಲ. ದಾರಿಯ ನಟ್ಟನಡುವೆ ಒಂದು ಕಪ್ಪು ನೂಲು ಕಾಣಿಸುತ್ತದೆ, ಅದು ಹುಳದ ಹಿಕ್ಕೆ. ಲಿಂಬೆಯ ರಂಗೋಲಿ ಹುಳಕ್ಕೆ ಈ ನಡುಗೆರೆ ದೊಡ್ಡ ಗುರುತು, ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಗೆರೆಯ ಅಗಲವಾದ ತುದಿಗೆ ಬನ್ನಿ. ಅಲ್ಲಿ ಏನಿದೆ ಎನ್ನುವುದೇ ಮುಖ್ಯ ಪ್ರಶ್ನೆ.

ಹಳದಿ ಮಿಶ್ರ ಹಸಿರು ಬಣ್ಣದ, ಹೆಚ್ಚೆಂದರೆ 3 ಮಿಲಿಮೀಟರ್ ಉದ್ದದ, ಚಪ್ಪಟೆ ಹುಳ ಕಂಡರೆ ಕೆಲಸ ಇನ್ನೂ ನಡೆಯುತ್ತಿದೆ ಎಂದು ಅರ್ಥ. ಹುಳ ಕಾಣದೆ, ಗೆರೆ ನೇರವಾಗಿ ಎಲೆಯ ಅಂಚಿಗೆ ಹೋಗಿ ನಿಂತು, ಅಲ್ಲಿ ಅಂಚು ಸೆರಗು ಮಡಚಿದ ಹಾಗೆ ಮಡಚಿಕೊಂಡಿದ್ದರೆ ಒಳಗೆ ಕೋಶ, ಅಂದರೆ ಪತಂಗವಾಗುವ ಮೊದಲಿನ ಹಂತ, ಇರಬಹುದು. ಆ ಮಡಿಕೆಯಿಂದ ಹೊಟ್ಟಿನಂಥ ಕಂದು ಪೊರೆ ಅರ್ಧ ಹೊರಗೆ ಚಾಚಿಕೊಂಡಿದ್ದರೆ ಪತಂಗ ಹೋಗಿ ಆಯ್ತು. ಅದು ಬಿಟ್ಟುಹೋದ ಕೋಶದ ಸಿಪ್ಪೆ ಅದು. ನನ್ನ ಗಿಡದಲ್ಲಿ ಮೂರನೇ ಸಲ ಔಷಧಿ ಹೊಡೆದ ಮರುದಿನ ನಾನು ಹತ್ತು ಎಲೆ ಬಿಡಿಸಿ ನೋಡಿದ್ದೆ. ಹತ್ತರಲ್ಲೂ ಇದೇ ಸಿಪ್ಪೆ. ಹುಳ ಒಂದೂ ಇಲ್ಲ.

ಲಿಂಬೆ ಮುಳ್ಳಿನಿಂದ ಬಿಡಿಸುವುದು

ಬೆಳಕಲ್ಲಿ ಸರಿ ಕಾಣದಿದ್ದರೆ ಬಿಡಿಸಿ ನೋಡಬೇಕು. ಸೂಜಿ ಹುಡುಕುವುದು ಬೇಡ, ಅದೇ ಗಿಡದ ಒಂದು ಮುಳ್ಳು ಸಾಕು. ಎಲೆಯನ್ನು ಎಡಗೈ ತೋರುಬೆರಳಿನ ಮೇಲೆ ಬಿಗಿಯಾಗಿ ಹಾಸಿ, ಹೆಬ್ಬೆರಳಿನಿಂದ ತೊಟ್ಟು ಒತ್ತಿ ಹಿಡಿಯಿರಿ. ಮುಳ್ಳಿನ ತುದಿಯನ್ನು ಗೆರೆಯ ಪಕ್ಕ ಮಲಗಿಸಿ, ಚುಚ್ಚದೆ, ಪೊರೆಯ ಅಡಿಗೆ ತೂರಿಸಿ ಎತ್ತಿ. ಹಾಲಿನ ಕೆನೆ ಎತ್ತಿದ ಹಾಗೆ ಪೊರೆ ಮೇಲೆ ಬರುತ್ತದೆ. ಅವಸರ ಮಾಡಿದರೆ ಹುಳ ಒಡೆದು ಹಳದಿ ನೀರಾಗುತ್ತದೆ, ಮತ್ತೆ ಏನೂ ಗೊತ್ತಾಗುವುದಿಲ್ಲ.

ನಾನು ಮೊದಲ ಸಲ ಸರಿಯಾಗಿ ಬಿಡಿಸಿದಾಗ ಒಳಗಿದ್ದ ಹುಳ ಗಾಜಿನ ಹಾಗೆ ಪಾರದರ್ಶಕವಾಗಿತ್ತು. ತಲೆ ಕಡೆ ಅಗಲ, ಚಪ್ಪಟೆ, ಬಾಲದ ಕಡೆ ಸಪೂರ. ಹೊಟ್ಟೆಯೊಳಗೆ ರಸ ಹೋಗುವುದು ಕೂಡ ಕಾಣುತ್ತಿತ್ತು. ಪೊರೆ ತೆಗೆದ ಮೇಲೆ ಅದು ಎಲ್ಲೂ ಓಡಲಿಲ್ಲ. ತಲೆಯನ್ನು ಆಚೆ ಈಚೆ ಆಡಿಸಿತು, ಅಷ್ಟೇ. ಎಲೆಯ ಸಿಪ್ಪೆಯೊಳಗೆ ಬಿಟ್ಟರೆ ಅದಕ್ಕೆ ಬೇರೆ ಬದುಕಿಲ್ಲ, ಒಂದು ಎಲೆಯಿಂದ ಇಳಿದು ಇನ್ನೊಂದಕ್ಕೆ ನಡೆದು ಹೋಗಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ನೀವು ಕಿತ್ತ ಎಲೆಯಿಂದ ಹುಳ ಹರಿದು ಪಕ್ಕದ ಎಲೆಗೆ ಹೋಗಿಬಿಡುತ್ತದೆ ಎಂಬ ಹೆದರಿಕೆ ಬೇಡ.

ಇಲ್ಲಿ ಒಂದು ಮಾತು. ಪತಂಗದ ಮರಿಹುಳಕ್ಕೆ ಕಾಲು ಇರುತ್ತದೆ, ನೊಣದ ಮರಿಗೆ ಇರುವುದಿಲ್ಲ, ಕಾಲು ನೋಡಿ ಗುರುತು ಹಿಡಿಯಿರಿ ಎಂದು ಕೆಲವರು ಹೇಳುತ್ತಾರೆ. ಹೆಚ್ಚಿನ ಕಂಬಳಿಹುಳ, ಮರಿಹುಳಕ್ಕೆ ಅದು ಸರಿ. ಲಿಂಬೆಯ ಈ ಹುಳಕ್ಕೆ ಮಾತ್ರ ಸರಿಯಲ್ಲ. ಇದು ಪತಂಗದ ಮರಿಯೇ ಆದರೂ ಇದಕ್ಕೆ ಕಾಲಿಲ್ಲ. ಕಾಲು ಹುಡುಕುತ್ತ ಕೂತರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಹಿಕ್ಕೆಯ ಗೆರೆ ನೋಡಿ, ಅಂಚಿನ ಮಡಿಕೆ ನೋಡಿ.

ಪತಂಗವೋ ನೊಣವೋ

ಮಂಗಳೂರಿನ ಬೆಂದೂರಿನಲ್ಲಿ ನನ್ನ ಅಕ್ಕನ ಮನೆ. ಅವರ ಪಕ್ಕದ ಮನೆಯ ಬಾಯಮ್ಮ ತಾರಸಿ ಮೇಲೆ ಅಲಸಂಡೆ, ಹೀರೆ, ಟೊಮೆಟೊ ಎಲ್ಲ ಚಂದ ಮಾಡಿ ಬೆಳೆಸುತ್ತಾರೆ. ಒಂದು ದಿನ ಫೋನ್ ಮಾಡಿ "ನಿಮ್ಮ ಲಿಂಬೆ ಹುಳ ನಮ್ಮ ಅಲಸಂಡೆಗೂ ಬಂತು ನೋಡಿ" ಎಂದರು. ಫೋಟೋ ನೋಡಿದರೆ ಹೌದು, ಗೆರೆ ಅದೇ ರೀತಿ ಸುತ್ತಿಕೊಂಡಿದೆ. ಆದರೆ ಹುಳ ಬೇರೆ.

"ಬಾಯಮ್ಮ, ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕೆ ಉಂಟಾ?" ಎಂದು ಕೇಳಿದೆ. "ಉಂಟು, ತುಂಬ ಉಂಟು" ಎಂದರು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಅದು ಲಿರಿಯೊಮೈಜಾ ಎಂಬ ಸಣ್ಣ ನೊಣದ ಕೆಲಸ. ಕಪ್ಪು, ಹಳದಿ ಬಣ್ಣದ ಈ ನೊಣ ಎಲೆಗೆ ಚುಚ್ಚಿ ರಸ ನೆಕ್ಕುತ್ತದೆ, ಕೆಲವು ತೂತಿನಲ್ಲಿ ಮೊಟ್ಟೆ ಇಡುತ್ತದೆ. ಲಿಂಬೆಯ ಪತಂಗ ಹೀಗೆ ಚುಚ್ಚುವುದಿಲ್ಲ, ಮೊಟ್ಟೆಯನ್ನು ಎಲೆಯ ಮೇಲೆ ಅಂಟಿಸುತ್ತದೆ. ಈ ನೊಣ ಅಮೆರಿಕ ಖಂಡದ್ದು, ನಮ್ಮ ದೇಶಕ್ಕೆ ಬಂದದ್ದು 1990ರ ದಶಕದ ಆರಂಭದಲ್ಲಿ. ಈಗ ಟೊಮೆಟೊ, ಅಲಸಂಡೆ, ಸೌತೆ, ಹೀರೆ ಯಾವುದನ್ನೂ ಬಿಡುವುದಿಲ್ಲ. ಇದನ್ನೂ ರಂಗೋಲಿ ಹುಳ ಎಂದೇ ಕರೆಯುವುದರಿಂದ ಗೊಂದಲ.

ಉಳಿದ ಅರ್ಧ ಉತ್ತರ ಹಿಕ್ಕೆಯಲ್ಲಿದೆ. ನೊಣದ ಮರಿ ಮಗ್ಗುಲಲ್ಲಿ ಮಲಗಿ, ಆಗಾಗ ಮಗ್ಗುಲು ಬದಲಿಸುತ್ತ ತಿನ್ನುತ್ತದೆ. ಹಾಗಾಗಿ ಹಿಕ್ಕೆ ದಾರಿಯ ನಡುವೆ ಬೀಳದೆ ಒಮ್ಮೆ ಎಡ ಬದಿ, ಒಮ್ಮೆ ಬಲ ಬದಿ ತುಂಡು ತುಂಡಾಗಿ ಬೀಳುತ್ತದೆ. ಮತ್ತೆ, ನೊಣದ ಮರಿ ಎಲೆಯ ಅಂಚು ಮಡಚುವುದಿಲ್ಲ. ಬೆಳೆದ ಮೇಲೆ ಎಲೆ ಸೀಳಿ ಹೊರಗೆ ಬಂದು ಮಣ್ಣಿಗೆ ಬೀಳುತ್ತದೆ, ಅಲ್ಲಿ ರಾಗಿ ಕಾಳಿನ ಗಾತ್ರದ ಕಂದು ಕೋಶವಾಗುತ್ತದೆ. ಬಾಯಮ್ಮನಿಗೆ ಗಿಡದ ಬುಡಕ್ಕೆ ಒಂದು ಬಿಳಿ ಕಾಗದ ಹಾಸಲು ಹೇಳಿದೆ. ಮರುದಿನ ಬೆಳಿಗ್ಗೆ ಕಾಗದದ ಮೇಲೆ ನಾಲ್ಕೈದು ಹಳದಿ ಮರಿಗಳು, ಮಧ್ಯಾಹ್ನಕ್ಕೆ ಅವೇ ಕಂದು ಕಾಳು. ಇದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇಲ್ಲ. ನೊಣ ಹಳೆ ಎಲೆಗೂ ಬರುತ್ತದೆ, ಹಾಗಾಗಿ ಕೆಳಗಿನ ಎಲೆ ಕಿತ್ತು ತೆಗೆದರೆ ಅಲಸಂಡೆಗೆ ಅನುಕೂಲ. ಲಿಂಬೆಗೆ ಅದೇ ಕೆಲಸ ಮಾಡಿದರೆ ನಷ್ಟ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಟೊಮೆಟೊದಲ್ಲಿ ಗೆರೆ ಅಲ್ಲದೆ ಅಗಲವಾದ ಸುಟ್ಟಂಥ ಮಚ್ಚೆ ಇದ್ದು, ಕಾಯಿಯಲ್ಲೂ ಸೂಜಿ ತೂತು ಕಂಡರೆ ಅದು ಟೂಟಾ ಎಂಬ ಬೇರೆಯೇ ಪತಂಗ, ದಕ್ಷಿಣ ಅಮೆರಿಕದ್ದು, ಭಾರತದಲ್ಲಿ ಮೊದಲು ಕಂಡದ್ದು 2014ರಲ್ಲಿ. ಅದರ ಕತೆ ಬೇರೆ.

ಗೇರು ಮರ ಇರುವವರಿಗೆ ಇನ್ನೊಂದು ಗೊಂದಲ. ಮಳೆ ಬಿಟ್ಟು ಗೇರು ಚಿಗುರುವಾಗ ಎಳೆ ಎಲೆ ಮೇಲೆ ಬೂದಿ ಬಣ್ಣದ ಗುಳ್ಳೆ ಏಳುತ್ತದೆ, ಬಿಸಿ ಎಣ್ಣೆ ಹಾರಿದರೆ ಕೈ ಮೇಲೆ ಬೊಬ್ಬೆ ಬರುತ್ತದಲ್ಲ, ಹಾಗೆ. ಎಲೆ ಬಲಿತಾಗ ಗುಳ್ಳೆ ಒಣಗಿ ಒಡೆದು ತೂತು ಬೀಳುತ್ತದೆ. ಇದೂ ಎಲೆ ಸುರಂಗ ಹುಳವೇ, ಲಿಂಬೆ ಹುಳದ ಕುಟುಂಬದ್ದೇ, ಆಕ್ರೋಸರ್ಕಾಪ್ಸ್ ಎಂದು ಹೆಸರು. ಆದರೆ ಅಭ್ಯಾಸ ಬೇರೆ. ಬೆಳೆದ ಹುಳ ಕೆಂಪಾಗುತ್ತದೆ, ಕೋಶ ಮಾಡಲು ಮಣ್ಣಿಗೆ ಇಳಿಯುತ್ತದೆ. ಅದರ ಅಂಚಿನ ಮಡಿಕೆ ಹುಡುಕಿದರೆ ಸಿಗುವುದಿಲ್ಲ. ಗೇರಿನ ವಿಷಯಕ್ಕೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಹತ್ತಿರದಲ್ಲೇ ಇರುವಾಗ ನಾನು ಜಾಸ್ತಿ ಹೇಳುವುದು ಬೇಡ. ಕೋಟ, ಕುಂದಾಪುರ ಕಡೆ ಭತ್ತ ಆದ ಮೇಲೆ ನೆಲಗಡಲೆ ಹಾಕುವವರು ನೋಡುವ ಸುರುಳಿಪೂಚಿಯೂ ಮೊದಲು ಎಲೆ ಕೊರೆದು, ಆಮೇಲೆ ಎಲೆಗಳನ್ನು ನೂಲಿನಿಂದ ಸೇರಿಸಿ ಒಳಗೆ ಕೂರುವ ಪತಂಗ. ಲಿಂಬೆಯದ್ದೂ ಸೇರಿ ಐದೂ ಬೇರೆ ಬೇರೆ ಜೀವಿ, ಐದಕ್ಕೂ ಒಂದೇ ಬಾಟಲಿ ಅಂತ ಇಲ್ಲ.

ಎಷ್ಟು ದಿನದ ಆಟ

ಲಿಂಬೆ ಹುಳದ ಪೂರ್ತಿ ಹೆಸರು ಫಿಲೊಕ್ನಿಸ್ಟಿಸ್ ಸಿಟ್ರೆಲ್ಲಾ. ಕೋಲ್ಕತ್ತಾದಿಂದ ಹೋದ ಪತಂಗ ನೋಡಿ ಇಂಗ್ಲೆಂಡಿನ ಹೆನ್ರಿ ಸ್ಟೇಂಟನ್ 1856ರಲ್ಲಿ ಇದನ್ನು ಮೊದಲ ಬಾರಿ ವಿವರಿಸಿದ. ಅಂದರೆ ಇದು ಹೊರಗಿನಿಂದ ನುಗ್ಗಿದ್ದಲ್ಲ, ನಮ್ಮ ಕಡೆಯದ್ದೇ. ಇಲ್ಲಿಂದ ಹೊರಗೆ ಹೋದದ್ದು ಉಂಟು, 1993ರಲ್ಲಿ ಫ್ಲಾರಿಡಾ ಮುಟ್ಟಿ ಅಲ್ಲಿನ ಕಿತ್ತಳೆ ತೋಟದವರಿಗೆ ನಿದ್ದೆ ಇಲ್ಲದ ಹಾಗೆ ಮಾಡಿತ್ತು.

ಪತಂಗವನ್ನು ನೋಡಿದವರು ಕಡಿಮೆ. ಕೂತಾಗ 2 ಮಿಲಿಮೀಟರ್, ರೆಕ್ಕೆ ಬಿಡಿಸಿದರೆ 4 ಮಿಲಿಮೀಟರ್. ಎಳ್ಳಿಗಿಂತ ಸಣ್ಣ ಜೀವ. ಬಿಳಿ ಬೆಳ್ಳಿ ರೆಕ್ಕೆ, ಅದರಲ್ಲಿ ಕಂದು ಗೀರು, ರೆಕ್ಕೆಯ ತುದಿಯಲ್ಲಿ ಒಂದೊಂದು ಕಪ್ಪು ಚುಕ್ಕೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಮಸೂರದಲ್ಲಿ ನೋಡಿದರೆ ಜರಿ ಸೀರೆಯ ಅಂಚಿನಷ್ಟು ಚಂದ. ಮುಸ್ಸಂಜೆ ಮತ್ತು ರಾತ್ರಿ ಇದರ ಓಡಾಟ. ಹಗಲಿಗೆ ಎಲೆ ಮರೆಯಲ್ಲಿ ಕೂತರೆ ಯಾರಿಗೂ ಕಾಣದು.

ಮೊಟ್ಟೆಯನ್ನು ಒಂದೊಂದಾಗಿ, ಹೆಚ್ಚಾಗಿ ಎಲೆಯ ಅಡಿಭಾಗದಲ್ಲಿ, ನಡುನರದ ಹತ್ತಿರ ಇಡುತ್ತದೆ. ಮೊಟ್ಟೆ ನೀರಿನ ಹನಿಯ ಹಾಗೆ, ಬರಿಗಣ್ಣಿಗೆ ಸಿಗುವುದು ಕಷ್ಟ. ನಮ್ಮ ಸೆಕೆಗೆ ಕೆಲವೇ ದಿನದಲ್ಲಿ ಒಡೆಯುತ್ತದೆ. ಮರಿ ಹೊರಗೆ ಬಂದು ಎಲೆ ಮೇಲೆ ತಿರುಗಾಡುವುದೇ ಇಲ್ಲ, ಮೊಟ್ಟೆಯ ಅಡಿಯಿಂದಲೇ ನೇರ ಎಲೆಯೊಳಗೆ ಇಳಿಯುತ್ತದೆ. ಎಲೆ ಮೇಲೆ ಬೀಳುವ ಎಷ್ಟೋ ಔಷಧಿ ಅದಕ್ಕೆ ತಾಗದೇ ಇರುವುದಕ್ಕೆ ಕಾರಣ ಇದೇ, ಮೇಲೆ ಪೊರೆಯ ಚಪ್ಪರ ಇರುತ್ತದೆ.

ಮರಿಗೆ ನಾಲ್ಕು ಹಂತ. ಮೂರು ಹಂತದಲ್ಲಿ ತಿನ್ನುತ್ತದೆ. ನಾಲ್ಕನೆಯದರಲ್ಲಿ ತಿನ್ನುವುದು ನಿಲ್ಲಿಸಿ, ಎಲೆಯ ಅಂಚಿಗೆ ಹೋಗಿ, ನೂಲು ಸುತ್ತುತ್ತದೆ. ನೂಲು ಒಣಗಿ ಬಿಗಿಯುವಾಗ ಅಂಚು ಮಡಚಿಕೊಂಡು ಅದೇ ಕೋಣೆ ಆಗುತ್ತದೆ. ಅದರೊಳಗೆ ಹಳದಿ ಕಂದು ಕೋಶ. ಕೋಶದ ತಲೆಯಲ್ಲಿ ಒಂದು ಮೊನೆ ಇರುತ್ತದೆ, ಹೊರಗೆ ಬರುವಾಗ ಅದರಿಂದಲೇ ಗೋಡೆ ಸೀಳುವುದು. ಬೆಳಗಿನ ಜಾವಕ್ಕೆ ಪತಂಗ ಹೊರಬರುತ್ತದೆ. ಚಳಿ ಊರಲ್ಲಿ ಇಷ್ಟಕ್ಕೆಲ್ಲ 50 ದಿನದವರೆಗೂ ಎಳೆಯಬಹುದು. ನಮ್ಮ ಉಡುಪಿ, ಮಂಗಳೂರಿನ ಸೆಕೆಗೆ ಎರಡರಿಂದ ಮೂರು ವಾರದಲ್ಲಿ ಒಂದು ತಲೆಮಾರು ಮುಗಿಯುತ್ತದೆ.

ಈಗ ಲೆಕ್ಕ ಹಾಕಿ. ಎಲೆ ಬೆರಳ ಉಗುರಿನಷ್ಟು ಇರುವಾಗ ಮೊಟ್ಟೆ ಬೀಳುತ್ತದೆ. ಅಂಗಳದಲ್ಲಿ ನಿಂತು ನೋಡಿದರೆ ಗೆರೆ ಕಾಣುವಷ್ಟು ಅಗಲ ಆಗಲು ಒಂದು ವಾರವಾದರೂ ಬೇಕು. ಅಂಗಡಿಗೆ ಹೋಗಿ ಬರಲು ಎರಡು ದಿನ, ಮಳೆ ಬಂದು ತಡ ಆದರೆ ಇನ್ನೆರಡು ದಿನ. ಅಷ್ಟರಲ್ಲಿ ಹುಳ ತಿನ್ನುವುದು ಬಿಟ್ಟು ಮಡಿಕೆ ಸೇರಿಯಾಗಿದೆ, ಎಲೆಯೂ ಬಲಿತು ಗಟ್ಟಿಯಾಗಿದೆ. ಬಲಿತ ಎಲೆಗೆ ಈ ಪತಂಗ ಮೊಟ್ಟೆ ಇಡುವುದಿಲ್ಲ. ಅಂದರೆ ಕಾಪಾಡಬೇಕಾದ ಎಲೆಯ ಸಮಯ ಮುಗಿದಿದೆ, ಕೊಲ್ಲಬೇಕಾದ ಹುಳದ ಸಮಯವೂ ಮುಗಿದಿದೆ. ನಾವು ನೋಡಬೇಕಾದದ್ದು ಗೆರೆಯನ್ನಲ್ಲ, ಮುಂದಿನ ಚಿಗುರನ್ನು.

ಬಾಟಲಿ ಪರೀಕ್ಷೆ

ಇದನ್ನು ಒಮ್ಮೆಯಾದರೂ ಮಾಡಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಖಂಡಿತ ಮಾಡಿ. ಅಂಚು ಮಡಚಿದ, ಆದರೆ ಸಿಪ್ಪೆ ಹೊರಗೆ ಚಾಚದ ಹತ್ತು ಹದಿನೈದು ಎಲೆ ಆರಿಸಿ. ಖಾಲಿ ಹಾರ್ಲಿಕ್ಸ್ ಬಾಟಲಿಯ ತಳಕ್ಕೆ ತುಸು ಒದ್ದೆ ಮಾಡಿದ ಕಾಗದ ಹಾಕಿ, ಎಲೆ ಇಟ್ಟು, ಬಾಯಿಗೆ ಹಳೆ ಪಂಚೆಯ ತುಂಡು ಕಟ್ಟಿ. ಬಲೆ ಬಟ್ಟೆ ಬೇಡ, ಸೊಳ್ಳೆಪರದೆಯ ತೂತಿನಿಂದಲೂ ಇವು ಹೊರಗೆ ಹೋಗುತ್ತವೆ. ಬಿಸಿಲು ಬೀಳದ ಕಡೆ ಇಡಿ. ನೀರು ಜಾಸ್ತಿ ಆದರೆ ಎಲೆ ಬೂಸ್ಟು ಹಿಡಿಯುತ್ತದೆ, ನಮ್ಮ ಜೂನ್ ತಿಂಗಳ ಹವೆಗೆ ಕಾಗದ ಒದ್ದೆ ಮಾಡದಿದ್ದರೂ ನಡೆಯುತ್ತದೆ.

ದಿನಾ ಬೆಳಿಗ್ಗೆ ನೋಡಿ. ಸುಮಾರು ಒಂದು ವಾರದೊಳಗೆ ಬಾಟಲಿಯ ಗೋಡೆಗೆ ಬೆಳ್ಳಿ ಪುಡಿಯಂಥ ಪತಂಗ ಕೂತಿರುತ್ತದೆ. ಕೆಲವು ಎಲೆಯಿಂದ ಪತಂಗ ಬರುವುದಿಲ್ಲ, ಬದಲಿಗೆ ಅದಕ್ಕಿಂತಲೂ ಸಣ್ಣ, ಹೊಳೆಯುವ ಮೈಯ, ಕುಪ್ಪಳಿಸಿ ನಡೆಯುವ ಕಣಜ ಬರುತ್ತದೆ. ಇವು ನಮ್ಮನ್ನು ಕಚ್ಚುವ ಕಣಜ ಅಲ್ಲ. ರಂಗೋಲಿ ಹುಳದ ಮೈಮೇಲೆ ಅಥವಾ ಮೈಯೊಳಗೆ ಮೊಟ್ಟೆ ಇಟ್ಟು, ಅದನ್ನೇ ತಿಂದು ಬೆಳೆಯುವ ಜಾತಿ. ನಮ್ಮ ಏಷ್ಯಾದ ಸಿಟ್ರೋಸ್ಟಿಕಸ್ ಎಂಬ ಇಂಥ ಒಂದು ಕಣಜವನ್ನು ಮೆಡಿಟರೇನಿಯನ್ ಸುತ್ತಲಿನ ದೇಶಗಳು ತರಿಸಿಕೊಂಡು ತೋಟಕ್ಕೆ ಬಿಟ್ಟಿವೆ. ಫ್ಲಾರಿಡಾದವರು 1994ರಲ್ಲಿ ಅಜೆನಿಯಾಸ್ಪಿಸ್ ಎಂಬ ಇನ್ನೊಂದನ್ನು ತಂದು ಬಿಟ್ಟರು. ಅದರ ಒಂದೇ ಮೊಟ್ಟೆ ಹುಳದೊಳಗೆ ಒಡೆದು ಹಲವು ಮರಿಗಳಾಗುತ್ತದೆ.

ನಾನು ಹೊಡೆದ ಔಷಧಿ ಇವುಗಳನ್ನು ಬಿಟ್ಟಿರಲಿಕ್ಕಿಲ್ಲ. ಪೊರೆಯೊಳಗಿನ ಹುಳ ಉಳಿಯಿತು, ಹೊರಗೆ ಹಾರಾಡುವ ಕಣಜ ಸತ್ತಿತು. ಮುಂದಿನ ಚಿಗುರಿಗೆ ಕಾಟ ಜಾಸ್ತಿ ಆದದ್ದು ಹಾಗೆ ಎಂದು ಈಗ ನನ್ನ ತೀರ್ಮಾನ. ಮೊದಲ ವರ್ಷ ನನ್ನ ಬಾಟಲಿಯಲ್ಲಿ ಬಂದದ್ದೆಲ್ಲ ಪತಂಗ. ಔಷಧಿ ನಿಲ್ಲಿಸಿದ ಮರುವರ್ಷ ಹದಿನೈದು ಎಲೆಯಲ್ಲಿ ಆರರಿಂದ ಕಣಜ ಬಂತು. ಒಂದು ಹಿತ್ತಿಲಿನ ಲೆಕ್ಕ ಇದು, ಆದರೆ ನನಗೆ ಅಷ್ಟು ಸಾಕಾಯ್ತು.

ಗೆರೆ ಇಲ್ಲದೆ ಎಲೆ ಮುದುಡಿದರೆ

ಇದು ರಂಗೋಲಿ ಹುಳ ಅಲ್ಲ, ಮೇಲಿನದ್ದೆಲ್ಲ ಬಿಟ್ಟು ಇಲ್ಲಿಗೆ ಬನ್ನಿ. ಎಲೆ ಅಡಿಯಲ್ಲಿ ಕಪ್ಪು ಹೇನು ಗುಂಪಾಗಿದ್ದು, ಅಂಟು ಅಂಟು ಇದ್ದು, ಇರುವೆ ಓಡಾಡುತ್ತಿದ್ದರೆ ಅದು ಸಸ್ಯಹೇನು. ಚಿಗುರು ತಿರುಚಿಕೊಂಡು, ಹಿಂಭಾಗ ಮೇಲೆತ್ತಿ ಕೂರುವ ಸಣ್ಣ ಕಂದು ಕೀಟ, ಬಿಳಿ ಮೇಣದ ಎಳೆ ಬಿಡುವ ಹಳದಿ ಮರಿ ಕಂಡರೆ ಅದು ಸಿಲ್ಲಿಡ್. ಇದನ್ನು ಸುಮ್ನೆ ಬಿಡಬೇಡಿ, ಲಿಂಬೆ ಜಾತಿಯ ದೊಡ್ಡ ರೋಗವಾದ ಗ್ರೀನಿಂಗ್ ಹರಡುವುದು ಇದೇ. ಹುಳ ಏನೂ ಇಲ್ಲದೆ, ನರ ಹಸಿರಾಗಿದ್ದು ನಡುವಿನ ಜಾಗ ಹಳದಿಯಾಗಿ, ಹೊಸ ಎಲೆ ಸಣ್ಣದಾಗುತ್ತಿದ್ದರೆ ಸತುವಿನ ಕೊರತೆ ಇರಬಹುದು. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ, ಜೋರು ಮಳೆಗೆ ಸಾರ ತೊಳೆದು ಹೋಗುವ ಕಡೆ, ಇದು ಅಪರೂಪ ಅಲ್ಲ. ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಮರಿ ಕೂತು ಎಲೆಯನ್ನೇ ಅಂಚಿನಿಂದ ಕಚ್ಚಿ ತಿನ್ನುತ್ತಿದ್ದರೆ ಅದು ಲಿಂಬೆ ಚಿಟ್ಟೆ, ಕೈಯಲ್ಲೇ ತೆಗೆದು ಬಿಡಿ.

ಗೆರೆಯ ಉದ್ದಕ್ಕೂ ಒರಟು ಕಂದು ಕಜ್ಜಿ ಎದ್ದು, ಅದರ ಸುತ್ತ ಹಳದಿ ಉಂಗುರ ಇದ್ದರೆ ಮಾತ್ರ ಹುಷಾರಾಗಬೇಕು. ಅದು ಕಜ್ಜಿ ರೋಗ. ಹುಳ ಬಿಡಿಸಿದ ಪೊರೆಯ ಅಡಿಗೆ ಮಳೆ ನೀರಿನ ಜೊತೆ ಬ್ಯಾಕ್ಟೀರಿಯಾ ಇಳಿದು ಬರುವುದು. ನಮ್ಮ ಮಳೆಗೆ ಇದು ಬೇಗ ಹರಡುತ್ತದೆ. ಅಂಥ ರೆಂಬೆಯನ್ನು ಮಳೆ ಇಲ್ಲದ ದಿನ, ಎಲೆ ಒಣಗಿರುವಾಗ ಕತ್ತರಿಸಿ ಸುಡಿ. ಕತ್ತರಿಯನ್ನು ಒರೆಸಿ, ಸ್ಪಿರಿಟ್ ಹಚ್ಚಿ, ಆಮೇಲೆ ಇನ್ನೊಂದು ಗಿಡ ಮುಟ್ಟಿ.

ಇನ್ನು ಮಾಡುವುದೆಂತ

ಗಿಡ ನಾಲ್ಕು ವರ್ಷ ದಾಟಿ ಮರವಾಗಿದ್ದರೆ ಏನೂ ಮಾಡಬೇಡಿ. ದೊಡ್ಡ ಮರದಲ್ಲಿ ಹಳೆ ಎಲೆಯೇ ಜಾಸ್ತಿ, ಒಂದು ಚಿಗುರಿಗೆ ಗೆರೆ ಬಿದ್ದರೆ ಕಾಯಿಗೆ ಹೇಳಿಕೊಳ್ಳುವ ನಷ್ಟ ಇಲ್ಲ. ಗೆರೆ ಬಿದ್ದ ಎಲೆಯನ್ನು ಕೀಳಬೇಡಿ. ಹಸಿರು ಭಾಗ ಒಳಗೆ ಹಾಗೇ ಉಳಿದಿರುವುದರಿಂದ ಆ ಎಲೆ ಇನ್ನೂ ಗಿಡಕ್ಕೆ ಊಟ ಮಾಡಿಕೊಡುತ್ತದೆ. ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ, ಆ ಚಿಗುರು ಪತಂಗಕ್ಕೆ ಹೊಸ ಊಟ. ಅಲಸಂಡೆಯ ಲೆಕ್ಕ ಲಿಂಬೆಗೆ ಹಾಕಬೇಡಿ ಎಂದದ್ದು ಇದಕ್ಕೇ.

ಸಣ್ಣ ಗಿಡ, ಕುಂಡದ ಗಿಡ, ನರ್ಸರಿಯಿಂದ ಈಗಷ್ಟೇ ತಂದದ್ದು ಆದರೆ ಚಿಗುರು ಕಾಯಬೇಕು. ಚಿಗುರು ಮೂಡಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಎಲೆ ಒಂದು ಇಂಚು ಆಗುವ ಮೊದಲೇ, ಸಂಜೆ ಬಿಸಿಲು ಇಳಿದ ಮೇಲೆ, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಸಾಬೂನು ನೀರಿನಲ್ಲಿ ಕದಡಿ, ಎಲೆಯ ಅಡಿಭಾಗ ಒದ್ದೆಯಾಗುವ ಹಾಗೆ ಸಿಂಪಡಿಸಿ. ಎಣ್ಣೆ ನೀರಿನಲ್ಲಿ ತೇಲುತ್ತಿದ್ದರೆ ಹೊಡೆಯಬೇಡಿ, ಎಲೆ ಸುಡುತ್ತದೆ, ಹಾಲಿನ ಹಾಗೆ ಬೆರೆಯಬೇಕು. ಎಣ್ಣೆ ವಾಸನೆಗೆ, ಜಿಡ್ಡಿಗೆ ಪತಂಗ ಮೊಟ್ಟೆ ಇಡಲು ಹಿಂಜರಿಯುತ್ತದೆ, ಈ ಸಿಂಪಡಣೆಯ ಮುಖ್ಯ ಲಾಭ ಅದು. ಏಳೆಂಟು ದಿನ ಬಿಟ್ಟು ಇನ್ನೊಮ್ಮೆ. ಎಲೆ ಗಟ್ಟಿಯಾಗಿ ಕಡು ಹಸಿರಾದ ಮೇಲೆ ಸಾಕು, ಮತ್ತೆ ಬೇಡ. ಜೂನ್, ಜುಲೈಯ ಧೋ ಎನ್ನುವ ಮಳೆಯಲ್ಲಿ ಸಿಂಪಡಿಸಿದರೆ ನೀರಿಗೆ ಹಾಕಿದ ಹಾಗೆ, ಎಣ್ಣೆ ನಿಲ್ಲುವುದಿಲ್ಲ.

ಗೊಬ್ಬರದ ವಿಷಯ ಒಂದು ಉಂಟು. ನೆಲಗಡಲೆ ಹಿಂಡಿ ಕೊಳೆಸಿದ ನೀರು, ಯೂರಿಯಾ, ಗಂಜಲ ಎಲ್ಲ ಪ್ರೀತಿಯಿಂದ ವಾರ ವಾರ ಹಾಕಿದರೆ ಗಿಡ ವರ್ಷವಿಡೀ ಬಿಡದೆ ಚಿಗುರುತ್ತ ಇರುತ್ತದೆ. ಚಿಗುರು ನಿಲ್ಲದಿದ್ದರೆ ಹುಳವೂ ನಿಲ್ಲುವುದಿಲ್ಲ. ಮಳೆಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಹಟ್ಟಿಗೊಬ್ಬರ ಕೊಟ್ಟರೆ ಗಿಡ ಒಟ್ಟಿಗೆ ಚಿಗುರಿ ಒಟ್ಟಿಗೆ ಬಲಿಯುತ್ತದೆ, ಕಾಯುವ ದಿನವೂ ಕಡಿಮೆ. ಬುಡದಿಂದ ಸೊಕ್ಕಿ ನೇರ ಏಳುವ ನೀರುಚಿಗುರನ್ನು ಮಾತ್ರ ಆಗಾಗ ಚಿವುಟಿ ತೆಗೆಯಿರಿ.

ಇಷ್ಟು ನೋಡಿಯೂ ಗುರುತು ಸಿಗದಿದ್ದರೆ ಎಲೆ ಸಮೇತ ರೆಂಬೆಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಂಗಳೂರಿನ ಕೇಂದ್ರಕ್ಕೋ ಒಯ್ಯಿರಿ. ಒಂದೇ ಒಂದು ಒಣಗಿದ ಎಲೆ ಒಯ್ದರೆ ಅವರಾದರೂ ಹೇಗೆ ಹೇಳುವುದು? ಎಳೆ ಎಲೆ, ನಡು ಎಲೆ, ಬಲಿತ ಎಲೆ ಮೂರೂ ಇರಲಿ, ಯಾವಾಗ ಚಿಗುರಿತು, ಏನು ಹಾಕಿದ್ದೀರಿ ಎಂದು ಬರೆದುಕೊಂಡು ಹೋಗಿ.

ಬಾಟಲಿಯಲ್ಲಿಟ್ಟ ಎಲೆಯನ್ನು ಮಾತ್ರ ಸುಮ್ನೆ ಬಿಸಾಡಬೇಡಿ. ಬೆಳ್ಳಿ ಪತಂಗ ಬಂದಿದ್ದರೆ ಬಟ್ಟೆ ತೆಗೆಯದೆ ಬಾಟಲಿಯನ್ನು ಬಿಸಿಲಿಗೆ ಇಡಿ. ಕಣಜ ಬಂದಿದ್ದರೆ ಸಂಜೆ ಹೊತ್ತು ಬಾಟಲಿಯನ್ನು ಅದೇ ಲಿಂಬೆ ಗಿಡದ ಚಿಗುರಿನ ಹತ್ತಿರ ಅಡ್ಡ ಮಲಗಿಸಿ, ಬಟ್ಟೆ ಬಿಚ್ಚಿ, ರಾತ್ರಿ ಹಾಗೇ ಬಿಟ್ಟುಬಿಡಿ.